ಚಿತ್ರವಿಮರ್ಶೆ: ಮೊದಲು ನೋಡಿದ್ದು, ಆಮೇಲೆ ಅನಿಸಿದ್ದು



ಸಿನಿಮಾ ಮುಗಿಸಿ ಹೊರಗೆ ಬರುವಾಗ ಜೊತೆಯಲ್ಲಿದ್ದವರು ಕೇಳುವ ಪ್ರಶ್ನೆ ಒಂದೇ: ‘ಹೇಗಿತ್ತು?’ ‘ಸೂಪರ್’ ಎಂದೋ ‘ಬರೀ ಬೋರು’ ಎಂದೋ ಹೇಳಿ ಬಸ್ಸು ಹತ್ತುತ್ತೇವೆ. ಅಲ್ಲಿಗೆ ಅಷ್ಟು ಸಾಕು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಚಿತ್ರವಿಮರ್ಶೆ ಬರೆದುಕೊಡಿ ಎಂದು ಕನ್ನಡ ಮೇಷ್ಟ್ರು ಕೇಳಿದಾಗ ಕಷ್ಟ ಶುರುವಾಗುತ್ತದೆ. ಆಗ ಕೆಲವರು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಬರೆದು, ಕಡೆಯಲ್ಲಿ ‘ನಟನೆ ಚೆನ್ನಾಗಿದೆ, ಛಾಯಾಗ್ರಹಣ ಉತ್ತಮವಾಗಿದೆ, ಸಂಗೀತ ಇಂಪಾಗಿದೆ’ ಎಂದು ಪ್ರಸಾದದ ಹಾಗೆ ಎಲ್ಲರಿಗೂ ಒಂದೊಂದು ಮಾತು ಹಂಚುತ್ತಾರೆ. ಇನ್ನು ಕೆಲವರು ಬೇರೆಯವರ ಬರಹವನ್ನು ಮೊಬೈಲಿನಲ್ಲಿ ಹುಡುಕಿ, ಅಲ್ಲೊಂದು ಇಲ್ಲೊಂದು ಪದ ಬದಲಿಸಿ ಕೊಡುತ್ತಾರೆ.

ನಾನು ಓದಿದ್ದು ವಿಜ್ಞಾನ. ಸೇರಿದ್ದು ದೂರದರ್ಶನದ ಕೆಲಸಕ್ಕೆ. ವಿಮರ್ಶೆಯ ಪಾಠ ನನಗೆ ದೊರೆತದ್ದು ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಎಂದರೆ ನಿಮಗೆ ನಗು ಬರಬಹುದು. ಲವಣಗಳ ಪರೀಕ್ಷೆ ಮಾಡಿದವರಿಗೆ ರೆಕಾರ್ಡ್ ಪುಸ್ತಕದ ಮೂರು ಕಲಂಗಳು ನೆನಪಿರುತ್ತವೆ: ಪ್ರಯೋಗ, ವೀಕ್ಷಣೆ, ತೀರ್ಮಾನ. ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ಹಾಕಿದಾಗ ಬಿಳಿಯ ಪ್ರಕ್ಷೇಪ ಬಂತು ಎಂಬುದು ವೀಕ್ಷಣೆ. ಸಲ್ಫೇಟ್ ಇರಬಹುದು ಎಂಬುದು ತೀರ್ಮಾನ. ನಡುವಿನ ಕಲಂ ಖಾಲಿ ಬಿಟ್ಟು ಮೂರನೆಯದನ್ನು ತುಂಬಿದವನ ಪುಸ್ತಕಕ್ಕೆ ನಮ್ಮ ಮೇಷ್ಟ್ರು ಸಹಿ ಹಾಕುತ್ತಿರಲಿಲ್ಲ. ಉತ್ತರ ಸರಿಯಾಗಿದ್ದರೂ ಹಾಕುತ್ತಿರಲಿಲ್ಲ. ನಾವು ಓದುವ ಎಷ್ಟೋ ಚಿತ್ರವಿಮರ್ಶೆಗಳಲ್ಲಿ ಖಾಲಿ ಇರುವುದು ಈ ನಡುವಿನ ಕಲಮ್ಮೇ.

‘ಸೊರಬದಲ್ಲಿ ಕೂತು ನಾವು ಏನು ವಿಮರ್ಶೆ ಬರೆಯುವುದು? ಅದು ಬೆಂಗಳೂರಿನವರ ಕೆಲಸ’ ಎಂಬ ಅಳುಕು ಕೆಲವರಿಗಿದೆ. ಪಕ್ಕದ ಸಾಗರ ತಾಲೂಕಿನ ಹೆಗ್ಗೋಡಿನತ್ತ ಒಮ್ಮೆ ನೋಡಿ. ನೀನಾಸಂ ಸಂಸ್ಥೆಯ ಕೆ.ವಿ. ಸುಬ್ಬಣ್ಣನವರು ಅಲ್ಲಿ 1973ರಲ್ಲಿ ಚಿತ್ರಸಮಾಜ ಆರಂಭಿಸಿದರು. ಅಡಿಕೆ ತೋಟದ ಕೆಲಸ ಮುಗಿಸಿ ಬಂದ ಜನ ಸತ್ಯಜಿತ್ ರಾಯ್, ಕುರೊಸಾವಾ ಅವರ ಚಿತ್ರಗಳನ್ನು ನೋಡಿದರು. ಮುಂದೆ ಚಿತ್ರರಸಗ್ರಹಣ ಶಿಬಿರಗಳೇ ನಡೆದವು. ಹಳ್ಳಿಯವರಿಗೆ ಇವೆಲ್ಲ ಅರ್ಥವಾಗುತ್ತವೆಯೇ ಎಂಬ ಸಂದೇಹಕ್ಕೆ ಉತ್ತರ ಅಲ್ಲಿಯೇ ಸಿಕ್ಕಿತು.

ಈಗ ಒಂದು ಚಿತ್ರವನ್ನೇ ಎದುರಿಗಿಟ್ಟುಕೊಳ್ಳೋಣ. ಗಿರೀಶ್ ಕಾಸರವಳ್ಳಿಯವರ ‘ದ್ವೀಪ’, 2002ರಲ್ಲಿ ತೆರೆಗೆ ಬಂದದ್ದು. ಸಾಗರದ ನಾ. ಡಿಸೋಜ ಅವರ ಕಾದಂಬರಿ ಅದಕ್ಕೆ ಆಧಾರ. ನಟಿ ಸೌಂದರ್ಯ ಅವರೇ ನಿರ್ಮಾಪಕಿ, ನಾಗಿಯ ಪಾತ್ರವೂ ಅವರದೇ. 2001ರ ಸಾಲಿನ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು, ಎಚ್.ಎಂ. ರಾಮಚಂದ್ರ ಅವರಿಗೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ. ಇಷ್ಟು ಮಾಹಿತಿಗೆ ವಿಮರ್ಶೆಯಲ್ಲಿ ನಾಲ್ಕು ಸಾಲು ಮೀಸಲಿಡಿ, ಐದನೆಯದು ಬೇಡ. ಕಥೆಗೂ ಅಷ್ಟೇ: ಅಣೆಕಟ್ಟಿನ ಹಿನ್ನೀರು ಏರುತ್ತಿದೆ, ಊರವರು ಪರಿಹಾರ ಪಡೆದು ಒಬ್ಬೊಬ್ಬರಾಗಿ ಹೊರಟಿದ್ದಾರೆ, ದೇವರ ಪೂಜೆ ನಂಬಿಕೊಂಡ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಉಳಿದಿದ್ದಾರೆ.

ಇನ್ನು ವೀಕ್ಷಣೆ. ಈ ಚಿತ್ರದಲ್ಲಿ ಮಳೆ ಒಂದು ಪಾತ್ರ ಎಂದು ಎಲ್ಲರೂ ಬರೆಯುತ್ತಾರೆ. ಆ ಮಾತು ಬಿಟ್ಟುಬಿಡಿ. ಮಳೆಯ ಸದ್ದು ಯಾವಾಗ ಜೋರಾಗುತ್ತದೆ, ಯಾವಾಗ ನಿಲ್ಲುತ್ತದೆ, ನಿಂತಾಗ ಯಾರ ಮುಖ ತೆರೆಯ ಮೇಲಿರುತ್ತದೆ? ಕ್ಯಾಮೆರಾ ನೀರನ್ನು ಮನೆಯೊಳಗಿನಿಂದ ನೋಡುತ್ತದೆಯೋ, ದೋಣಿಯಲ್ಲಿ ಕೂತವರ ಕಣ್ಣಿನಿಂದಲೋ? ಗಂಡ ಹೆಂಡತಿ ಒಂದೇ ಚೌಕಟ್ಟಿನೊಳಗೆ ಇರುವುದು ಎಷ್ಟು ಹೊತ್ತು? ಸಂಬಂಧಿಕ ಕೃಷ್ಣ ಬಂದ ಮೇಲೆ ಅದು ಬದಲಾಗುತ್ತದೆಯೆ? ಇದನ್ನೆಲ್ಲ ಗುರುತುಹಾಕಲು ಎರಡನೆಯ ಸಲ ನೋಡಲೇಬೇಕು. ಇಲ್ಲಿ ನಿಮಗೊಂದು ಅನುಕೂಲವೂ ಇದೆ. ಹೆಂಚಿನ ಮೇಲೆ ಬೀಳುವ ಮಳೆಗೂ ಸೋಗೆಯ ಮೇಲೆ ಬೀಳುವ ಮಳೆಗೂ ಸದ್ದಿನಲ್ಲಿರುವ ವ್ಯತ್ಯಾಸ ಮಲೆನಾಡಿನ ಹುಡುಗ ಹುಡುಗಿಯರಿಗೆ ಗೊತ್ತು. ಚಿತ್ರದ ಮಳೆ ನಿಮಗೆ ಸುಳ್ಳೆನಿಸಿದರೆ, ಎಲ್ಲಿ ಅನಿಸಿತು ಎಂದು ಧೈರ್ಯವಾಗಿ ಬರೆಯಿರಿ. (ಟಿ.ವಿ.ಯವನಾಗಿ ನಾನೇ ಹೇಳುತ್ತಿದ್ದೇನೆ: ಜಾಹೀರಾತುಗಳ ನಡುವೆ ನೋಡಿದ ಚಿತ್ರದ ಬಗ್ಗೆ ಬರೆಯಬೇಡಿ. ಮೊಬೈಲಿನಲ್ಲಿ ನೋಡುವುದಾದರೆ ದೀಪ ಆರಿಸಿ, ಇಯರ್‌ಫೋನ್ ಹಾಕಿಕೊಳ್ಳಿ.)

ಕಠಿಣವಾದ ಸಂಗತಿ ಮುಂದಿದೆ. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಶರಾವತಿ ಕಣಿವೆಯಿಂದ ಎದ್ದುಬಂದ ಕುಟುಂಬಗಳು ಜಿಲ್ಲೆಯ ನಾನಾ ಕಡೆ ಚದುರಿದವು; ನಿಮ್ಮಲ್ಲೂ ಅಂಥ ಮನೆಯ ಮೊಮ್ಮಕ್ಕಳು ಇರಬಹುದು. ಅಜ್ಜಿ ದೋಣಿ ಹತ್ತುವಾಗ ಏನು ಕಟ್ಟಿಕೊಂಡು ಬಂದಳು ಎಂಬುದು ನಿಮಗೆ ಗೊತ್ತಿದ್ದರೆ ಆ ಒಂದು ವಾಕ್ಯಕ್ಕೆ ನಿಮ್ಮ ವಿಮರ್ಶೆಯಲ್ಲಿ ಖಂಡಿತ ಜಾಗವಿದೆ. ಆದರೆ ನಮ್ಮವರ ನೋವಿನ ಕಥೆ ಎಂಬ ಕಾರಣಕ್ಕೇ ಚಿತ್ರ ಶ್ರೇಷ್ಠ ಎಂದುಬಿಡಬಾರದು. ವಸ್ತು ದೊಡ್ಡದಾದ ಮಾತ್ರಕ್ಕೆ ಚಿತ್ರ ದೊಡ್ಡದಾಗುವುದಿಲ್ಲ. ಇಡೀ ಕಣಿವೆಯ ಮುಳುಗಡೆಯನ್ನು ಒಂದು ಮನೆಯೊಳಕ್ಕೆ, ಮೂರು ನಾಲ್ಕು ಜನರ ನಡುವಿನ ಅನುಮಾನದೊಳಕ್ಕೆ ತಂದದ್ದು ಸರಿಯೆ? ನನ್ನ ಮಟ್ಟಿಗೆ ಅದೇ ಈ ಚಿತ್ರದ ಬಲ; ಆದರೂ ಕೃಷ್ಣ ಬಂದ ಮೇಲೆ ಸರ್ಕಾರ, ಪರಿಹಾರದ ಪ್ರಶ್ನೆಗಳು ಸ್ವಲ್ಪ ಹಿಂದೆ ಸರಿಯುತ್ತವೆ ಎಂದೂ ನನಗೆ ಅನಿಸಿದೆ. ಮುಳುಗಡೆಯ ಮನೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ‘ನಮ್ಮ ಜನರ ಪ್ರಶ್ನೆಯನ್ನು ಗಂಡ ಹೆಂಡಿರ ಜಗಳ ನುಂಗಿಹಾಕಿತು’ ಎಂದು ಬರೆದರೆ ನಾನು ತಕರಾರು ಮಾಡುವುದಿಲ್ಲ. ಯಾವ ದೃಶ್ಯದಲ್ಲಿ ಎಂದು ಮಾತ್ರ ಕೇಳುತ್ತೇನೆ.

ಅಂತ್ಯ ಹೇಳಬಹುದೇ ಎಂದು ಕೇಳುವವರಿದ್ದಾರೆ. ಹೊಸ ಚಿತ್ರವಾದರೆ ಬೇಡ, ನೋಡುವವರ ಊಟ ಕೆಡಿಸಬಾರದು. ಇಪ್ಪತ್ತು ವರ್ಷ ದಾಟಿದ ಚಿತ್ರವಾದರೆ, ನಿಮ್ಮ ವಾದಕ್ಕೆ ಬೇಕಿದ್ದರೆ ಹೇಳಿ. ‘ದ್ವೀಪ’ದ ಕೊನೆಯಲ್ಲಿ ಮನೆ ಉಳಿಸಲು ಹೆಣಗಿದವಳು ನಾಗಿ, ಗಣಪ ಮಾತ್ರ ಉಳಿದದ್ದಕ್ಕೆ ದೇವರನ್ನು ನೆನೆಯುತ್ತಾನೆ. ಇದನ್ನು ಮುಚ್ಚಿಟ್ಟು ಚಿತ್ರದಲ್ಲಿ ಹೆಣ್ಣಿನ ಸ್ಥಾನದ ಬಗ್ಗೆ ಬರೆಯುವುದು ಹೇಗೆ? ‘ಕಾದಂಬರಿಯಲ್ಲಿ ಹೀಗಿಲ್ಲ’ ಎಂಬ ಆಕ್ಷೇಪ ಎಲ್ಲ ಚಿತ್ರಗಳಿಗೂ ಬರುತ್ತದೆ. ಬದಲಾವಣೆಯಿಂದ ಏನು ಬಂತು, ಏನು ಹೋಯಿತು ಎಂದು ಹೇಳದಿದ್ದರೆ ಅದು ಬರೀ ದೂರು.

ನೀವು ಬರೆಯುವುದು ರಾಷ್ಟ್ರಪ್ರಶಸ್ತಿಯ ಚಿತ್ರದ ಬಗ್ಗೆಯೇ ಆಗಬೇಕಿಲ್ಲ. ಕಳೆದ ವಾರ ಗೆಳೆಯರ ಜೊತೆ ಶಿಳ್ಳೆ ಹೊಡೆದು ನೋಡಿದ ಹೊಡೆದಾಟದ ಚಿತ್ರಕ್ಕೂ ಇದೇ ಮೂರು ಕಲಂ. ಶಿಳ್ಳೆ ಎಲ್ಲಿ ಬಿತ್ತು ಎಂಬುದೂ ವೀಕ್ಷಣೆಯೇ.

ಎರಡು ಪುಟ ಸಾಕು. ತಂತ್ರಜ್ಞರ ಹೆಸರುಗಳನ್ನು ಚಿತ್ರದ ಶೀರ್ಷಿಕೆಗಳಿಂದಲೇ ನೋಡಿ ಬರೆದುಕೊಳ್ಳಿ. ಮುಗಿದ ಮೇಲೆ ಚಿತ್ರ ನೋಡಿರದ ಒಬ್ಬರಿಗೆ ಓದಿ ಹೇಳಿ, ಅವರು ‘ಹಾಗೆಂದರೆ?’ ಎಂದು ಎಲ್ಲಿ ಕೇಳುತ್ತಾರೋ ಅಲ್ಲಿ ಒಂದು ದೃಶ್ಯ ಸೇರಿಸಿ. ವಾರ್ಷಿಕ ಸಂಚಿಕೆಯಲ್ಲಿ ಜಾಗ ಸಿಗದಿದ್ದರೆ ಗೋಡೆಪತ್ರಿಕೆ ಮಾಡಿ. ಅದಕ್ಕೆ ಬೇಕಾದದ್ದು ಒಂದು ಡ್ರಾಯಿಂಗ್ ಷೀಟು, ಎರಡು ಬಣ್ಣದ ಸ್ಕೆಚ್ ಪೆನ್ನು, ಜೊತೆಗೆ ಪ್ರಾಂಶುಪಾಲರ ಒಪ್ಪಿಗೆ.