ಕಂಪನಿ ಬದಲಿಸುವ ಮುನ್ನ ಅವ್ವನನ್ನು ಕೇಳಿ

ನಮ್ಮ ಗೋರೆಗಾಂವ್ ಸೊಸೈಟಿಯಲ್ಲಿ ವಿಜಯಪುರ ಕಡೆಯ ಗೆಳೆಯರೊಬ್ಬರಿದ್ದಾರೆ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕಿದವರು, "ಫೋನಿನ ಕಂಪನಿ ಬದಲಿಸಬೇಕು ಅಂತಿದ್ದೀನ್ರಿ, ಏನಂತೀರಿ?" ಎಂದರು. "ಊರಿಂದ ನಿಮಗೆ ಫೋನ್ ಮಾಡೋರು ಯಾರ್‍ಯಾರು?" ಎಂದು ಕೇಳಿದೆ. ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂದು ನಾನು ಕೇಳಬಹುದೆಂದು ಅವರು ಕಾದಿದ್ದರೇನೋ, ಸುಮ್ಮನೆ ನನ್ನ ಮುಖ ನೋಡಿದರು. ಅಷ್ಟರಲ್ಲಿ ಅವರ ಮಹಡಿ ಬಂತು. ಅವರಿಗೆ ಹೇಳದೆ ಉಳಿದದ್ದನ್ನು ಇಂದು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನಾನು ಮುಂಬಯಿಗೆ ಬಂದದ್ದು 1983ರಲ್ಲಿ. ಗದಗದಿಂದಲೂ ಆಚೆಗಿರುವ ನಮ್ಮ ಹಳ್ಳಿಯಲ್ಲಿ ಆಗ ಒಂದೇ ಒಂದು ಫೋನು, ಅದೂ ಕಿರಾಣಿ ಅಂಗಡಿಯಲ್ಲಿ. ತಾರ್ ಆಫೀಸಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂರುವುದು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ಬಗೆ. ಅವಸರ ಹೆಚ್ಚಿದಷ್ಟೂ ದರ ಹೆಚ್ಚು. ಲೈನು ಸಿಕ್ಕಿತು ಎನ್ನುವಾಗ ಅಂಗಡಿಯವರು ಹುಡುಗನನ್ನು ಓಡಿಸಿ ಅವ್ವನನ್ನು ಕರೆಸಬೇಕು. ಅವಳು ಸೆರಗು ಸರಿಪಡಿಸಿಕೊಂಡು ಬಂದು "ಹಲೋ" ಎನ್ನುವಷ್ಟರಲ್ಲಿ ಮೂರು ನಿಮಿಷ ಮುಗಿದಿರುತ್ತಿತ್ತು. ಎಷ್ಟೋ ಸಲ ನಾನು ಕೇಳಿದ್ದು ಅವಳ ಏದುಸಿರು ಮಾತ್ರ.

ಆಪರೇಟರ್ ಇಲ್ಲದೆ ನಾವೇ ನಂಬರು ತಿರುಗಿಸುವ ಎಸ್‌ಟಿಡಿ ನಮ್ಮ ದೇಶಕ್ಕೆ ಬಂದದ್ದು 1960ರಲ್ಲಿ, ಕಾನ್ಪುರ ಮತ್ತು ಲಕ್ನೋ ನಡುವೆ. ನಮ್ಮ ಹಳ್ಳಿಗೆ ಅದು ಮುಟ್ಟಲು ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾದವು. ಹಳದಿ ಬೋರ್ಡಿನ ಬೂತುಗಳ ಕಾಲ ನಿಮಗೂ ನೆನಪಿರಬೇಕು. ಗಾಜಿನ ಗೂಡೊಳಗೆ ನಿಂತು ಬಾಯಲ್ಲಿ ಕ್ಷೇಮ ಸಮಾಚಾರ, ಕಣ್ಣೆಲ್ಲ ಮೀಟರಿನ ಕೆಂಪು ಅಂಕಿಗಳ ಮೇಲೆ. ರಾತ್ರಿ ತಡವಾದಷ್ಟೂ ದರ ಇಳಿಯುತ್ತಿತ್ತು. ಹಾಗಾಗಿ ಊಟ ಮುಗಿಸಿ ಬಂದವರ ಸಾಲು ಬೀದಿಯವರೆಗೆ. ದೂರಕ್ಕೆ ತಕ್ಕಂತೆ ದರವಿದ್ದ ಕಾಲವದು. ಪುಣೆಗೆ ಮಾತಾಡುವವನ ಧಾರಾಳತನ ಗದಗಿಗೆ ಮಾತಾಡುವವನಿಗೆ ಎಲ್ಲಿಂದ ಬರಬೇಕು!

ದೇಶದೊಳಗಿನ ದೂರದ ಕರೆಗಳ ವ್ಯವಹಾರಕ್ಕೆ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದದ್ದು 2000ದಲ್ಲಿ. 2006ರ ಮಾರ್ಚ್ 1ರಿಂದ ಬಿಎಸ್‌ಎನ್‌ಎಲ್ ಮತ್ತು ಎಂಟಿಎನ್‌ಎಲ್ 'ಒನ್ ಇಂಡಿಯಾ' ಯೋಜನೆ ತಂದವು. ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ. ಅಂದು ನಾನು ಅವ್ವನೊಡನೆ ಗಡಿಯಾರ ನೋಡದೆ ಮಾತಾಡಿದೆ. ಅವಳು ಮಾತ್ರ, "ಇಡೋ ತಮ್ಮಾ, ಬಿಲ್ಲು ಏರತೈತಿ" ಎನ್ನುತ್ತಲೇ ಇದ್ದಳು.

ಇಲ್ಲೊಂದು ಅಡ್ಡಮಾತು. ಅಮೆರಿಕದಲ್ಲಿ 1984ರಲ್ಲಿ ಎಟಿ ಅಂಡ್ ಟಿ ಕಂಪನಿ ಒಡೆದ ಮೇಲೆ, ಮನೆಯ ಫೋನು ಒಬ್ಬರದು, ದೂರದ ಕರೆ ಇನ್ನೊಬ್ಬರದು ಎಂದು ಆರಿಸಿಕೊಳ್ಳುವುದು ಮನೆಮನೆಯ ರೂಢಿಯಾಯಿತು. ಗ್ರಾಹಕರನ್ನು ಕೇಳದೆ ಅವರ ಕಂಪನಿಯನ್ನೇ ಬದಲಿಸಿಬಿಡುವ ಮೋಸವೂ ಅದರ ಜೊತೆಗೇ ಬೆಳೆಯಿತು. ಅದಕ್ಕೆ 'ಸ್ಲ್ಯಾಮಿಂಗ್' ಎಂಬ ಹೆಸರೂ ಬಿತ್ತು. ನಮ್ಮಲ್ಲಿಯೂ ಟ್ರಾಯ್ ಅಂಥ ಆಯ್ಕೆಯ ಮಾತೆತ್ತಿತ್ತು, ಆದರೆ ಅದು ನಮ್ಮ ಮನೆಗಳ ತನಕ ಬರಲಿಲ್ಲ. ನಾವು ಬದಲಿಸುವುದಾದರೆ ಇಡೀ ಫೋನನ್ನೇ ಬದಲಿಸಬೇಕು. ನನ್ನ ಕಥೆ ಶುರುವಾಗುವುದೂ ಅಲ್ಲಿಂದಲೇ.

2018ರಲ್ಲಿ ನಮ್ಮ ಕಟ್ಟಡಕ್ಕೆ ಒಂದು ಹೊಸ ಕಂಪನಿಯ ಹುಡುಗ ಬಂದ. ಇಂಟರ್ನೆಟ್ ಜೊತೆ ಫೋನು, ದೇಶಕ್ಕೆಲ್ಲ ಪುಕ್ಕಟೆ ಕರೆ. "ನಂಬರು ಇದೇ ಇರುತ್ತದಾ?" ಎಂದು ಕೇಳಿದೆ. "ಇರುತ್ತೆ ಅಂಕಲ್" ಎಂದ. ಇರಲಿಲ್ಲ. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ನಮ್ಮ ದೇಶದಲ್ಲಿರುವುದು ಮೊಬೈಲಿಗೆ. ಮನೆಯ ಸ್ಥಿರ ದೂರವಾಣಿಗಲ್ಲ. ಇದು ನನಗೆ ತಿಳಿದದ್ದು ಹಳೆಯದನ್ನು ಸರೆಂಡರ್ ಮಾಡಿ ಡಿಪಾಸಿಟ್ಟಿಗೆ ಅರ್ಜಿ ಕೊಟ್ಟ ಮೇಲೆ. ಹುಡುಗನನ್ನು ದೂರಿ ಫಲವಿಲ್ಲ. ಕಾಗದ ಓದದೆ ಸಹಿ ಹಾಕಿದವನು ನಾನು. ಹೊಸ ನಂಬರನ್ನು ಬ್ಯಾಂಕಿಗೆ, ಗ್ಯಾಸ್ ಏಜೆನ್ಸಿಗೆ, ಎಲ್‌ಐಸಿಗೆ ತಿಳಿಸಿದೆ. ಅವ್ವನಿಗೆ ಭಾನುವಾರ ಹೇಗೂ ನಾನೇ ಮಾಡುತ್ತೇನಲ್ಲ, ಆಗ ಹೇಳಿದರಾಯಿತು ಎಂದುಕೊಂಡೆ.

ನಮ್ಮ ಅವ್ವನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಸಂತೆಯಲ್ಲಿ ಮೆಣಸಿನಕಾಯಿ ಮಾರಿದವಳು. ನಮ್ಮ ಮನೆಯ ನಂಬರನ್ನು ಅವಳು ಹಾಡಿನ ಹಾಗೆ ಕಲಿತಿದ್ದಳು. ಮುಂಬಯಿಯ ಏಳಂಕಿಯ ನಂಬರುಗಳ ಮುಂದೆ ಎರಡು ಸೇರಿ ಎಂಟಂಕಿ ಆದಾಗ, ಆ ಎರಡನ್ನೂ ಹಾಡಿಗೆ ಸೇರಿಸಿಕೊಂಡಿದ್ದಳು. ನನ್ನ ಮೊಬೈಲ್ ನಂಬರನ್ನು ಮಾತ್ರ ಕಲಿಯಲಿಲ್ಲ. "ಅದು ನಿನ್ನ ಕಿಸೇದಾಗಿರತೈತಿ, ಮನೀದಲ್ಲ" ಎನ್ನುತ್ತಿದ್ದಳು.

ಆ ವಾರ ಗುರುವಾರ ರಾತ್ರಿ ನನ್ನ ಸಣ್ಣವ್ವ, ಅಂದರೆ ಅವ್ವನ ತಂಗಿ, ತೀರಿಕೊಂಡಳು. 1983ರಲ್ಲಿ ನನಗೆ ರೈಲಿನ ಚಾರ್ಜು ಕೊಟ್ಟು ಕಳಿಸಿದವಳು ಅವಳು. ಅವ್ವ ರಾತ್ರಿಯೆಲ್ಲ ಹಳೆಯ ನಂಬರಿಗೆ ಹಚ್ಚಿದಳು, ಬೆಳಿಗ್ಗೆಯೂ ಹಚ್ಚಿದಳು. ಉಳಿದವರೆಲ್ಲ, ಅವನಿಗೆ ಅವನ ಅವ್ವ ಹೇಳಿರುತ್ತಾಳೆ ಎಂದುಕೊಂಡರು. ನನ್ನ ಮೊಬೈಲ್ ನಂಬರಿದ್ದ ತಮ್ಮನ ಮಗ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ. ಅವನೂ ಹಾಗೆಯೇ ತಿಳಿದ. ಶುಕ್ರವಾರ ಮಧ್ಯಾಹ್ನ ಮಣ್ಣಾಯಿತು. ಭಾನುವಾರ ನಾನು ಹೊಸ ಫೋನಿನಿಂದ, ಪುಕ್ಕಟೆ ಕರೆಯಲ್ಲಿ, "ಅವ್ವಾ, ಆರಾಮಿದ್ದೀಯಾ?" ಎಂದೆ.

ಅವಳು ಅಳಲಿಲ್ಲ. "ನಿನ್ನ ಮನ್ಯಾಗ ಯಾರೋ ಹೆಣ್ಣಮಗಳು ಫೋನ್ ಎತ್ತಿ ಏನೇನೋ ಅಂತಾಳಲ್ಲೋ, ನನ್ನ ಮಾತು ಕೇಳೂದೇ ಇಲ್ಲ. ಸಣ್ಣವ್ವ ಹೋದ್ಲು, ಅವಗ ಹೇಳು ತಂಗೀ ಅಂತ ಎಷ್ಟು ಸಲ ಹೇಳಿದೆ ಆಕಿಗೆ" ಎಂದಳು. ಈ ನಂಬರು ಅಸ್ತಿತ್ವದಲ್ಲಿಲ್ಲ ಎನ್ನುವ ರೆಕಾರ್ಡಿನ ಹೆಂಗಸಿಗೆ ಅವ್ವ ಮೂರು ದಿನ ಸಾವಿನ ಸುದ್ದಿ ಹೇಳಿದ್ದಳು.

ಮೊಬೈಲಿನ ವಿಷಯಕ್ಕೆ ಬರುತ್ತೇನೆ, ಇಂದು ಹೆಚ್ಚಿನವರಿಗೆ ಬೇಕಾದದ್ದು ಅದೇ. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಶುರುವಾಗಿ, 2011ರ ಜನವರಿ 20ರಂದು ದೇಶಕ್ಕೆಲ್ಲ ಬಂತು. ಆದರೆ ಅದು ಒಂದು ಸರ್ಕಲ್ಲಿನೊಳಗೆ ಮಾತ್ರ. ಕರ್ನಾಟಕದ ನಂಬರನ್ನು ಮುಂಬಯಿಗೋ ಚೆನ್ನೈಗೋ ತರುವ ಅವಕಾಶ ಸಿಕ್ಕಿದ್ದು 2015ರ ಜುಲೈಯಲ್ಲಿ. ನೌಕರಿಗೆಂದು ಊರು ಬಿಟ್ಟ ನಮ್ಮಂಥವರಿಗೆ ನಿಜವಾಗಿ ಉಪಕಾರವಾದದ್ದು ಈ ಎರಡನೆಯದು.

ಕೆಲಸ ಸುಲಭ. PORT ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ನಂಬರು ಸೇರಿಸಿ 1900ಕ್ಕೆ ಸಂದೇಶ ಕಳಿಸಿದರೆ ಎಂಟಕ್ಷರದ ಒಂದು ಕೋಡ್ ಬರುತ್ತದೆ. ಬಹುಪಾಲು ಕಡೆ ಅದರ ಆಯುಷ್ಯ ನಾಲ್ಕು ದಿನ. ಅದನ್ನು ಹೊಸ ಕಂಪನಿಯ ಅಂಗಡಿಗೆ ನೀವೇ ಒಯ್ದು ಕೊಡಿ, ಫೋನಿನಲ್ಲಿ ಕೇಳಿದವರಿಗೆ ಹೇಳಬೇಡಿ. ಕೋಡ್ ಕೈಗೆ ಸಿಕ್ಕವನು ನಿಮ್ಮ ನಂಬರನ್ನೂ, ಅದರ ಹಿಂದೆ ನಿಮ್ಮ ಬ್ಯಾಂಕನ್ನೂ ಹಿಡಿಯಬಹುದು. ಪ್ರೀಪೇಯ್ಡ್‌ನಲ್ಲಿ ಉಳಿದ ಹಣ ಹೊಸ ಕಡೆಗೆ ಬರುವುದಿಲ್ಲ, ಆದ್ದರಿಂದ ರೀಚಾರ್ಜ್ ಮುಗಿಯುವ ಹೊತ್ತಿಗೆ ಹೋಗುವುದು ಜಾಣತನ. ಪೋಸ್ಟ್‌ಪೇಯ್ಡ್ ಆದರೆ ಬಿಲ್ಲಿನ ಬಾಕಿ ಮೊದಲು ತೀರಿಸಬೇಕು.

ಒಂದು ಕಂಪನಿಗೆ ಹೋದ ಮೇಲೆ ತೊಂಬತ್ತು ದಿನ ಅಲ್ಲಿಯೇ ಇರಬೇಕೆಂಬ ನಿಯಮವೂ ಇದೆ. ಅದರ ತೂಕ ನನಗೆ ಗೊತ್ತಾದದ್ದು 2022ರಲ್ಲಿ. ಮುಂಬಯಿಯಲ್ಲಿ ಚೆನ್ನಾಗಿ ಬರುತ್ತದೆಂದು ಒಂದು ಕಂಪನಿಗೆ ಬದಲಾದೆ. ನಾಗರ ಪಂಚಮಿಗೆ ಊರಿಗೆ ಹೋದರೆ ಮನೆಯಲ್ಲಿ ಸಿಗ್ನಲ್ ಇಲ್ಲ, ಓಣಿಯಲ್ಲಿಯೂ ಇಲ್ಲ. ಹನುಮಪ್ಪನ ಗುಡಿಯ ಕಟ್ಟೆ ಹತ್ತಿದರೆ ಒಂದು ಕಡ್ಡಿ. ಬ್ಯಾಂಕಿನ ಒಟಿಪಿಗಾಗಿ ದೇವರ ಮುಂದೆ ಕೂತದ್ದೇ ಕೂತದ್ದು. "ನೀ ಯಾವಾಗ ಇಷ್ಟು ಭಕ್ತ ಆದಿ?" ಎಂದು ಅವ್ವ ಕೇಳಿದಳು. ಮುಂಬಯಿಯ ಅಂಗಡಿಯಲ್ಲಿ ನಿಂತು ಟವರ್ ನೋಡಬೇಡಿ. ನಿಮ್ಮ ಊರಿನ ಪಡಸಾಲೆಯಲ್ಲಿ ಯಾವುದು ಹಿಡಿಯುತ್ತದೆ ಎಂದು ಅಲ್ಲಿರುವವರನ್ನೇ ಕೇಳಿ.

ಅವ್ವನಿಗೆ ಈಗ ಎಂಬತ್ತು ದಾಟಿದೆ. ನನ್ನ ಮೊಬೈಲ್ ನಂಬರನ್ನು ಅವಳಿಗೆ ಕಲಿಸಲು ಒಂದು ದೀಪಾವಳಿಯ ರಜೆ ಪೂರ್ತಿ ಹಿಡಿಯಿತು; ಹತ್ತಂಕಿಯಲ್ಲಿ ಏಳನೆಯದು ಮತ್ತೆ ಮತ್ತೆ ತಪ್ಪುತ್ತಿತ್ತು. ಆ ನಂಬರನ್ನು ಈಗ ಯಾವ ಕಂಪನಿಗೆ ಒಯ್ದರೂ ಅದು ಬದಲಾಗುವುದಿಲ್ಲ. ಆದರೂ ಪ್ರತಿ ಭಾನುವಾರ ಮಾತು ಮುಗಿಸುವಾಗ, "ನಂಬರ ಅದೇ ಐತಿಲ್ಲೋ?" ಎಂದು ಕೇಳುತ್ತಾಳೆ. ಅದೇ ಐತಿ ಅವ್ವಾ, ಎನ್ನುತ್ತೇನೆ. ಆಮೇಲೆ ಒಂದೊಂದಾಗಿ ಹತ್ತೂ ಅಂಕಿ ಒಪ್ಪಿಸಿ ಫೋನ್ ಇಡುತ್ತಾಳೆ.