ಕಂಬದ ಮೇಲಿನ ರೈಲು



ನಮ್ಮ ಸಕಲೇಶಪುರದ ಘಾಟಿ ರೈಲು ನಿಮಗೆಲ್ಲ ಗೊತ್ತು. ದೋಣಿಗಾಲ್ ದಾಟಿದರೆ ಸುರಂಗ, ಸೇತುವೆ, ಮತ್ತೆ ಸುರಂಗ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರು. ಅಷ್ಟರಲ್ಲಿ 57 ಸುರಂಗ, ಬಹಳಷ್ಟು ಸೇತುವೆ ಇವೆ. ಕೆಳಗೆ ಹಳ್ಳ, ಕಣಿವೆ. ಅದಕ್ಕೇ ಕಂಬ ಎಬ್ಬಿಸಿ ಮೇಲೆ ಹಳಿ ಹಾಕಿದ್ದಾರೆ.

ಬೆಂಗಳೂರಿನಲ್ಲೂ ಕಂಬದ ಮೇಲೆ ರೈಲು ಓಡುತ್ತೆ. ಅದೇ ಮೆಟ್ರೋ. ಅಲ್ಲಿ ಕಣಿವೆ ಇಲ್ಲವಲ್ಲ, ಕಂಬ ಯಾಕೆ ಅಂತ ಕೇಳ್ತೀರಿ. ಅಲ್ಲಿ ಕೆಳಗೆ ಇರೋದು ಜನ. ಬಸ್ಸು, ಲಾರಿ, ಆಟೋ, ಸ್ಕೂಟರು. ನೆಲದ ಮೇಲೆ ಹಳಿ ಹಾಕಲು ಜಾಗ ಇಲ್ಲ. ನೆಲದೊಳಗೆ ಸುರಂಗ ಕೊರೆದರೆ ಖರ್ಚು ಬಹಳ. ಹಾಗಾಗಿ ಹೆಚ್ಚಿನ ಕಡೆ ಮೇಲೆ ಹೋದರು.

ಈ ಉಪಾಯ ಹಳೆಯದು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1868ರಲ್ಲೇ ಇಂಥ ದಾರಿ ಕಟ್ಟಿದರು. ಮುಂದೆ ಅದರ ಮೇಲೆ ಉಗಿಬಂಡಿ ಓಡಿತು. ಕೆಳಗೆ ನಡೆಯುವವರ ತಲೆ ಮೇಲೆ ಬೂದಿ, ಕಿಡಿ ಬೀಳುತ್ತಿತ್ತು. ಆಮೇಲೆ ಕರೆಂಟಿನ ರೈಲು ಬಂತು. ಹೊಗೆ ಹೋಯಿತು. ಸದ್ದು, ನೆರಳು ಉಳಿದವು.

ನಮ್ಮ ದೇಶಕ್ಕೆ ಬನ್ನಿ. 1995ರಲ್ಲಿ ಚೆನ್ನೈನಲ್ಲಿ, 2002ರಲ್ಲಿ ದೆಹಲಿಯಲ್ಲಿ ಕಂಬದ ಮೇಲೆ ರೈಲು ಓಡಿತು. ಬೆಂಗಳೂರಿನಲ್ಲಿ 2011ರ ಅಕ್ಟೋಬರ್ 20ರಂದು ಶುರುವಾಯಿತು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಓಟ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಇನ್ನೊಂದು ದಾರಿ ತೆರೆಯಿತು. ಸುಮಾರು 19 ಕಿಲೋಮೀಟರು, ಪೂರ್ತಿ ಕಂಬದ ಮೇಲೆ.

ಇದನ್ನು ಕಟ್ಟೋದು ಹೇಗೆ? ಮೊದಲು ಆಳಕ್ಕೆ ತೋಡಿ ಅಡಿಪಾಯ ಹಾಕುತ್ತಾರೆ. ಕಬ್ಬಿಣ ಕಟ್ಟಿ, ಕಾಂಕ್ರೀಟು ತುಂಬಿ ಕಂಬ ಎಬ್ಬಿಸುತ್ತಾರೆ. ಮೇಲಿನ ತುಂಡುಗಳನ್ನು ಬೇರೆ ಕಡೆ ಅಚ್ಚು ಹಾಕಿ, ಲಾರಿಯಲ್ಲಿ ತಂದು, ಕ್ರೇನಿನಿಂದ ಎತ್ತಿ ಜೋಡಿಸುತ್ತಾರೆ. ರೈಲಿಗೆ ಕರೆಂಟು ಬರೋದು ಹಳಿಯ ಪಕ್ಕದ ಇನ್ನೊಂದು ಹಳಿಯಿಂದ. ಅದನ್ನು ಮುಟ್ಟಿದರೆ ಜೀವ ಹೋಗುತ್ತೆ. ಬೆಂಗಳೂರಿಗೆ ಹೋದಾಗ ಏನೇ ಕೆಳಗೆ ಬಿದ್ದರೂ ಹಳಿಗೆ ಇಳಿಯಬೇಡಿ. ಅಲ್ಲಿನ ಸಿಬ್ಬಂದಿಗೆ ಹೇಳಿ.

ರೈಲು ಮೇಲೆ ಹೋದರೆ ನೆಲ ಉಳೀತು ಅಂತ ಅನ್ನಿಸುತ್ತೆ. ಆದರೆ ಕಂಬ ನಿಲ್ಲೋದು ನೆಲದ ಮೇಲೇ ಅಲ್ವಾ? ನಿಲ್ದಾಣಕ್ಕೂ ಜಾಗ ಬೇಕು. ಅದಕ್ಕಾಗಿ ಎಷ್ಟೋ ಜನರ ಮನೆ, ಅಂಗಡಿ ಹೋದವು. ಎಂ.ಜಿ. ರಸ್ತೆಯ ಸಾಲುಮರಗಳು ಹೋದವು. 2023ರ ಜನವರಿ 10ರಂದು ನಾಗವಾರದ ಹತ್ತಿರ, ಕಟ್ಟುತ್ತಿದ್ದ ಕಂಬದ ಕಬ್ಬಿಣ ರಸ್ತೆಗೆ ಉರುಳಿತು. ಬೈಕಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಎಳೆ ಮಗು ತೀರಿಕೊಂಡರು. ಮೇಲಿನ ರೈಲಿನಿಂದ ಸಾವಿರಾರು ಜನರಿಗೆ ಅನುಕೂಲ ಆಗಿದೆ, ನಿಜ. ಅದರ ಭಾರ ಹೊತ್ತವರು ಕೆಳಗಿನವರು.

ಇದು ಬೆಂಗಳೂರಿನ ಮಾತು ಮಾತ್ರ ಅಲ್ಲ. ಎತ್ತಿನಹೊಳೆ ನೀರಿನ ಯೋಜನೆಗೆ ನಮ್ಮ ಸಕಲೇಶಪುರ ತಾಲ್ಲೂಕಿನಲ್ಲೂ ಜಮೀನು ಹೋಗಿದೆ. ರೈಲಾಗಲಿ, ರಸ್ತೆಯಾಗಲಿ, ಜಮೀನು ತೆಗೆದುಕೊಳ್ಳುವ ಮೊದಲು ನೋಟೀಸು ಬರುತ್ತೆ.

ಆಗ ಏನು ಮಾಡಬೇಕು? ನೋಟೀಸನ್ನು ನೀವೇ ಓದಿ. ಸರ್ವೆ ನಂಬರು ನಿಮ್ಮದೇನಾ ನೋಡಿ. ಎಷ್ಟು ಗುಂಟೆ ಅಂತ ನೋಡಿ. ತಕರಾರು ಹೇಳಲು ಕೊನೇ ದಿನ ಯಾವುದು, ಗುರುತು ಹಾಕಿಕೊಳ್ಳಿ. ಅರ್ಥ ಆಗದ ಮಾತಿದ್ದರೆ ತಿಳಿದವರನ್ನು ಕೇಳಿ. ಅರ್ಜಿ ಬರೆದು ಕೊಡಿ. ಕೊಟ್ಟದ್ದಕ್ಕೆ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಈಗ ನಿಮಗೆ ಅಕ್ಷರ ಬಂದಿದೆ. ಓದಿ ನೋಡಿ, ಕೇಳಿ ತಿಳಿದು, ಆಮೇಲೆ ಸಹಿ ಹಾಕಿ.