ತಾಯ್ ಚಿ ಜೋಡಿ ಅಭ್ಯಾಸ: ಸೋಲಲ್ಲೂ ಹೂಡಿಕೆ ಮಾಡಬಹುದಾ?

ಮೆಟ್ರೋದಲ್ಲಿ ನಿಂತು ಕೇಳ್ತಾ ಇದ್ರೆ ಕಂಬ ಗಟ್ಟಿಯಾಗಿ ಹಿಡ್ಕೊಳ್ಳಿ. ಇವತ್ತಿನ ಮಾತು ಬ್ಯಾಲೆನ್ಸ್ ಬಗ್ಗೆ.

ನಾನು ತಾಯ್ ಚಿ ಕಲಿಯೋಕೆ ಶುರು ಮಾಡಿ ಎರಡು ವರ್ಷ ಆಯ್ತು. ಪಾರ್ಕಿನಲ್ಲಿ ಜನ ನಿಧಾನವಾಗಿ ಕೈ ಆಡಿಸೋದನ್ನ ನೀವು ವಿಡಿಯೊಗಳಲ್ಲಿ ನೋಡಿರ್ತೀರಿ. ಅದು ಅರ್ಧ ಮಾತ್ರ. ಇನ್ನರ್ಧ ಇಬ್ಬರು ಸೇರಿ ಮಾಡೋದು. ಚೀನೀ ಭಾಷೆಯಲ್ಲಿ ಅದಕ್ಕೆ 'ತುಯಿ ಶೋ' ಅಂತಾರೆ, ಅಂದ್ರೆ ತಳ್ಳುವ ಕೈ. ಎದುರುಬದುರು ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಒಬ್ಬರು ಮೆಲ್ಲಗೆ ತಳ್ಳಬೇಕು. ಇನ್ನೊಬ್ಬರು ಸೊಂಟ ತಿರುಗಿಸಿ ಆ ಬಲವನ್ನ ಪಕ್ಕಕ್ಕೆ ಬಿಡಬೇಕು. ನಿಂತಲ್ಲೇ ಮಾಡುವ ಅಭ್ಯಾಸದಲ್ಲಿ ಪಾದ ಕದಲಿದ್ರೆ ಬ್ಯಾಲೆನ್ಸ್ ತಪ್ಪಿತು ಅಂತ ಲೆಕ್ಕ.

ನಾನು ಬಿ.ಕಾಂ ಓದಿದವನು. ಲಾಭ-ನಷ್ಟದ ಲೆಕ್ಕ ತಲೆಯಿಂದ ಹೋಗಲ್ಲ. ಯಾರ ಪಾದ ಎಷ್ಟು ಸಲ ಕದಲಿತು ಅಂತ ಮನಸ್ಸಲ್ಲೇ ಎಣಿಸ್ತಿದ್ದೆ. ಒಂದು ಭಾನುವಾರ ನನಗೆ ಜೋಡಿಯಾಗಿ ಸಿಕ್ಕಿದ್ದು ಅರವತ್ತು ದಾಟಿದ ಒಬ್ಬ ಅಂಕಲ್. ನಗುನಗ್ತಾ ಮೂರು ಸಲ ನನ್ನ ಕಾಲು ಕೀಳಿಸಿದ್ರು. ನಾಲ್ಕನೇ ಸಲ ನನಗೆ ರೋಷ ಬಂತು. ಭುಜದ ಬಲ ಎಲ್ಲ ಹಾಕಿ ನೂಕಿಬಿಟ್ಟೆ. ಅವರು ಹಿಂದಕ್ಕೆ ಬಿದ್ರು. ಕೈ ಊರಿದ್ದಕ್ಕೆ ಮಣಿಕಟ್ಟು ಊದಿಕೊಳ್ತು. "ಬಿಡಪ್ಪಾ, ಏನೂ ಆಗಿಲ್ಲ" ಅಂದ್ರು. ಆದ್ರೆ ಎರಡು ತಿಂಗಳು ಕ್ಲಾಸಿಗೆ ಬರಲಿಲ್ಲ. ಉಳಿದವರೂ ನನ್ನ ಜೋಡಿಯಾಗೋಕೆ ಹಿಂದೆ ಮುಂದೆ ನೋಡೋಕೆ ಶುರು ಮಾಡಿದ್ರು.

ಆಗ ನನಗೆ ನೆನಪಾಗಿದ್ದು ಚೆಂಗ್ ಮಾನ್‌ಚಿಂಗ್. ಚೀನಾದಲ್ಲಿ ಹುಟ್ಟಿ, ತೈವಾನಿನಲ್ಲಿ ನೆಲೆಸಿ, 1964ರಲ್ಲಿ ನ್ಯೂಯಾರ್ಕಿಗೆ ಹೋಗಿ ತಾಯ್ ಚಿ ಕಲಿಸಿದ ಗುರು. ನಷ್ಟದಲ್ಲಿ ಹೂಡಿಕೆ ಮಾಡಬೇಕು ಅನ್ನೋದು ಅವರ ಪಾಠ. ಕಾಮರ್ಸ್ ಹುಡುಗನಿಗೆ ಇದು ಮೊದಲು ತಮಾಷೆ ಅನ್ನಿಸ್ತು. ಆಮೇಲೆ ಅರ್ಥ ಆಯ್ತು. ಬಲಕ್ಕೆ ಬಲ ಕೊಟ್ಟು ಇವತ್ತು ನಿಂತ್ಕೊಂಡ್ರೆ, ದೇಹ ಕಲಿಯೋದು ಹಳೇ ಚಾಳಿಯನ್ನೇ. ಬ್ಯಾಲೆನ್ಸ್ ತಪ್ಪೋಕೆ ಬಿಟ್ರೆ, ಮೈ ಎಲ್ಲಿ ಬಿಗಿಯಾಗಿದೆ ಅಂತ ಗೊತ್ತಾಗುತ್ತೆ. ಬಿಗಿಯಾದ ಭುಜ ಅಂದ್ರೆ ನಾವೇ ಎದುರಿನವರ ಕೈಗೆ ಕೊಟ್ಟ ಹಿಡಿ.

ಹಾಗಂತ ಒದ್ದೆ ಬಟ್ಟೆ ಥರ ಜೋಲು ಬೀಳೋದೂ ತಪ್ಪು. ಗಾಳಿ ತುಂಬಿದ ಚೆಂಡು ಒತ್ತಿದ್ರೆ ಒಳಗೆ ಹೋಗುತ್ತೆ, ಆದ್ರೆ ಅದರ ಆಕಾರ ಬಿಟ್ಟುಕೊಡಲ್ಲ. ಆ ಗುಣಕ್ಕೆ 'ಪೆಂಗ್' ಅಂತಾರೆ. ಇನ್ನೊಂದು ಪದ 'ತಿಂಗ್'. ಅದರರ್ಥ ಕೇಳೋದು. ಕಿವಿಯಿಂದಲ್ಲ, ಚರ್ಮದಿಂದ. ಎದುರಿನವರ ಭಾರ ಯಾವ ಕಾಲಿಗೆ ಹೋಯ್ತು, ತಳ್ಳೋ ಯೋಚನೆ ಯಾವಾಗ ಬಂತು ಅನ್ನೋದನ್ನ ಮಣಿಕಟ್ಟು ಹೇಳುತ್ತೆ. ಗೆಲ್ಲೋ ಆತುರ ತಲೆಯಲ್ಲಿ ತುಂಬಿದ್ರೆ ಅದ್ಯಾವುದೂ ಕೇಳಿಸಲ್ಲ.

ಈಗ ನಾನು ಮೂರು ವಿಷಯ ಪಾಲಿಸ್ತೀನಿ. ಒಂದು, ಶುರು ಮಾಡೋ ಮುಂಚೆ ಎಷ್ಟು ಬಲ, ಎಷ್ಟು ವೇಗ ಅಂತ ಇಬ್ಬರೂ ಮಾತಾಡ್ಕೊಳ್ಳೋದು. ಎರಡು, ಎದುರಿನವರು ಜೋರು ಮಾಡಿದ್ರೆ ತಿರುಗಿ ಜೋರು ಮಾಡೋ ಬದಲು "ಸ್ವಲ್ಪ ನಿಧಾನ" ಅಂತ ಬಾಯಿಬಿಟ್ಟು ಹೇಳೋದು. ಮೂರು, ಕಾಲು ಕಿತ್ತಾಗ ನೆಪ ಹೇಳದೆ ಪ್ರಶ್ನೆ ಕೇಳೋದು.

ಅಂಕಲ್ ವಾಪಸ್ ಬಂದ ದಿನ ನಾನೇ ಹೋಗಿ ಕ್ಷಮೆ ಕೇಳಿದೆ. "ಅದಿರಲಿ, ಕೈ ಕೊಡು" ಅಂದ್ರು. ಅರ್ಧ ನಿಮಿಷದಲ್ಲಿ ನನ್ನ ಪಾದ ಕದಲಿತು.

"ಅಂಕಲ್, ಎಲ್ಲಿ ಸಿಕ್ಕಿಹಾಕ್ಕೊಂಡೆ?"

"ಬಲ ಭುಜ ಕಣಪ್ಪಾ. ಇನ್ನೂ ಬಿಗಿ ಹಿಡಿದಿದ್ದೀಯ."

ಈ ವಾರ ನಾನು ಕೆಲಸ ಮಾಡ್ತಿರೋದು ಆ ಭುಜದ ಮೇಲೇ.